ಅಪ್ಪನ ಹೊಸ ಬಂದೂಕು ‘ಟಕ್’ ಅಂತು, ಅಷ್ಟೇ

2024ರ ದೀಪಾವಳಿಗೆ ಹದಿನೈದು ದಿನ ಮುಂಚೆ, ರಾತ್ರಿ ಹನ್ನೊಂದೂವರೆ ಹೊತ್ತಿಗೆ ಊರಿಂದ ತಮ್ಮನ ಫೋನು ಬಂತು. ‘ಅಕ್ಕಾ, ಅಪ್ಪಂಗೆ ಏನೂ ಆಗಿಲ್ಲ, ನಂಗೂ ಏನೂ ಆಗಿಲ್ಲ’ ಅಂತಲೇ ಮಾತು ಶುರು ಮಾಡಿದ. ಹಾಗೆ ಶುರುವಾಗುವ ಫೋನು ಎಂಥದ್ದು ಅಂತ ತವರು ದೂರ ಇರುವ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ನಾನು ಎದ್ದು ಕೂತು, ‘ಮೊದಲು ಅಮ್ಮಂಗೆ ಫೋನ್ ಕೊಡು’ ಅಂದೆ. ಅಮ್ಮ ಫೋನ್ ತಗೊಂಡು ಒಂದೇ ಮಾತು ಹೇಳಿದಳು: ‘ಆ ತುಪಾಕಿ ನಾಳೆ ಬೆಳಿಗ್ಗೆ ಮನೇಲಿರಬಾರದು.’

ನಾನಿರುವುದು ಚಿಕ್ಕಬಳ್ಳಾಪುರದಲ್ಲಿ, ಹೈಸ್ಕೂಲ್ ಟೀಚರ್. ತವರು ಗೌರಿಬಿದನೂರು ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಆಂಧ್ರದ ಗಡಿ ಹತ್ತಿರ, ಹಿಂದುಗಡೆ ಕುರುಚಲು ಗುಡ್ಡ, ಮುಂದೆ ಹೊಲ. ಮೂರು ಎಕರೆ ಕಡಲೆಕಾಯಿ, ಬೋರ್‌ವೆಲ್ ಇರುವ ಕಡೆ ಒಂದಿಷ್ಟು ಮುಸುಕಿನ ಜೋಳ. ಕಡಲೆಕಾಯಿ ಬಲಿಯುವ ಹೊತ್ತಿಗೆ ಗುಡ್ಡದಿಂದ ಕಾಡುಹಂದಿ ಇಳಿಯುತ್ತವೆ. ಹಂದಿ ಗಿಡ ತಿನ್ನೋದಿಲ್ಲ, ಸಾಲು ಹಿಡಿದು ಮೂತಿಯಿಂದ ಉತ್ತುಕೊಂಡು ಹೋಗುತ್ತದೆ. ಒಂದು ರಾತ್ರಿ ಮೈಮರೆತರೆ ಬೆಳಿಗ್ಗೆ ಕಾಲು ಎಕರೆ ಟ್ರ್ಯಾಕ್ಟರ್ ಹೊಡೆಸಿದ ಹಾಗಿರುತ್ತದೆ. ಬೀಜ, ಗೊಬ್ಬರ, ಕಳೆ ತೆಗೆಸಿದ ಕೂಲಿ ಎಲ್ಲ ಅಲ್ಲಿಗೆ ಮಣ್ಣು.

ತಾತನ ಕಾಲದಿಂದ ನಮ್ಮ ಮನೆಯಲ್ಲಿ ಬೆಳೆ ರಕ್ಷಣೆಯ ಪರವಾನಗಿ ಇತ್ತು. ಆಗ ಇದ್ದದ್ದು ಬಾಯಿಂದ ಮದ್ದು ತುಂಬುವ ಒಂಟಿ ನಳಿಗೆಯ ನಾಡಬಂದೂಕು. ಈಗ ಅಪ್ಪ ಅದನ್ನು ನೆನೆದು ‘ಅದು ಒಂದ್ ದಿನಾನೂ ಕೈ ಕೊಡಲಿಲ್ಲ’ ಅನ್ನುತ್ತಾರೆ. ಸುಳ್ಳು. ಮಳೆಗಾಲದಲ್ಲಿ ಮದ್ದು ತೇವವಾದರೆ ಕೇಪು ಮಾತ್ರ ಪಟ್ ಅಂದು ಬಂದೂಕು ಸುಮ್ಮನಾಗಿದ್ದನ್ನು ನಾನೇ ನೋಡಿದ್ದೇನೆ. ಆದರೆ ಆಗ ತಾತ ಮಾಡುತ್ತಿದ್ದದ್ದು ಚೆನ್ನಾಗಿ ನೆನಪಿದೆ. ಬಂದೂಕನ್ನು ಬದುವಿಗೆ ಆನಿಸಿ, ನಳಿಗೆ ಗುಡ್ಡದ ಕಡೆ ತಿರುಗಿಸಿಟ್ಟು, ದೂರ ಹೋಗಿ ಕೂತು ಒಂದು ಬೀಡಿ ಪೂರ್ತಿ ಸೇದಿ ಮುಗಿಸೋರು. ಆಮೇಲೆ ವಾಪಸ್ ಬಂದು ಮುಟ್ಟೋರು. ಬೀಡಿ ಚಟಕ್ಕೆ ಅದೊಂದು ನೆಪ ಅಂತ ಅಜ್ಜಿ ಬೈಯೋಳು.

ನಮ್ಮ ತಾಲ್ಲೂಕಿನಲ್ಲಿ ಬಂದೂಕು ಅಂದರೆ ಹಿರಿಯರಿಗೆ ಮೊದಲು ನೆನಪಾಗುವುದು ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದರು. ಆ ಕಥೆ ಕೇಳಿ ಬೆಳೆದ ತಾತ ನಮಗೆ ಕಲಿಸಿದ ಮೊದಲ ಪಾಠ, ಖಾಲಿ ಇದ್ದರೂ ಬಂದೂಕಿನ ಬಾಯಿ ಮನುಷ್ಯರ ಕಡೆ ತಿರುಗಬಾರದು ಅನ್ನೋದು.

ತಾತ ಹೋದ ಮೇಲೆ ಪರವಾನಗಿ ಅಪ್ಪನ ಹೆಸರಿಗೆ ಬಂತು. ನಾಡಬಂದೂಕಿನ ನಳಿಗೆ ತುಕ್ಕು ತಿಂದಿತ್ತು. ಹೊಸದು ತಗೊಳ್ಳೋಣ ಅಂದರೆ, 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಬೆಳೆ ರಕ್ಷಣೆಗೆ ಸಾಮಾನ್ಯವಾಗಿ ಸಿಗೋದು ಬಾಯಿಂದ ಮದ್ದು ತುಂಬುವ ಬಂದೂಕಿಗೆ ಪರವಾನಗಿ. ಅದು ಸಾಲದು ಅಂತ ಅಧಿಕಾರಿಗಳಿಗೆ ಮನವರಿಕೆಯಾದರೆ ಮಾತ್ರ ಬೇರೆ ನುಣುಪು ನಳಿಗೆಯ ಬಂದೂಕು ಕೊಡಬಹುದು. ಅರ್ಜಿ, ಪೊಲೀಸ್ ವರದಿ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ಜಿಲ್ಲಾಧಿಕಾರಿ ಕಚೇರಿಗೆ ಓಡಾಟ. ಓಡಾಟದ ಪಾಲು ನನ್ನದೇ. ಊರಲ್ಲಿ ಎಲ್ಲರೂ ಅಪ್ಪ ತಂದಿದ್ದನ್ನು ‘ರೈಫಲ್’ ಅಂತಲೇ ಕರೀತಾರೆ. ನಿಜವಾಗಿ ರೈಫಲ್ ಅಂದರೆ ನಳಿಗೆಯ ಒಳಗೆ ಸುರುಳಿ ಗೀರು ಇರುವಂಥದ್ದು. ಒಂದೇ ಗುಂಡು ತಿರುಗುತ್ತಾ ಹೋಗಿ ಕಿಲೋಮೀಟರ್ ಆಚೆಗೂ ಬೀಳಬಹುದು. ಹೊಲ, ಮನೆ, ರಸ್ತೆ ಎಲ್ಲ ಒತ್ತೊತ್ತಾಗಿರುವ ನಮ್ಮ ಕಡೆ ಅದು ಬೇಡವೇ ಬೇಡ. ಅಪ್ಪ ತಂದದ್ದು 12 ಬೋರಿನ ಜೋಡು ನಳಿಗೆ, ಚರೆ ಹಾರಿಸುವ ಬಂದೂಕು. (ಈ 12 ಅಂದರೆ ಇಂಚೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮ ಗುಂಡು ಮಾಡಿದರೆ ಒಂದು ಗುಂಡು ಎಷ್ಟು ದಪ್ಪವೋ ನಳಿಗೆಯೂ ಅಷ್ಟು ಅಗಲ. ಇದನ್ನು ಕೇಳಿ ನನ್ನ ಎಂಟನೇ ಕ್ಲಾಸಿನ ಮಕ್ಕಳು ಗಣಿತದಲ್ಲಿ ಅಪರೂಪಕ್ಕೆ ಖುಷಿಪಟ್ಟರು.)

2024ರ ಜನವರಿಯಲ್ಲಿ ಬೆಂಗಳೂರಿನ ಒಂದು ಅಂಗಡಿಯಿಂದ ತಂದರು. ಹಿಂದಿನ ವರ್ಷದ ಕಡಲೆಕಾಯಿ ದುಡ್ಡು ಪೂರ್ತಿ ಹೋಯಿತು. ಬಿಲ್ಲು, ಒಂದು ವರ್ಷದ ವಾರಂಟಿ ಕಾರ್ಡು, ಮಿರಮಿರ ಮಿಂಚುವ ಮರದ ಹಿಡಿ. ಗಾಜಿನ ಬೀರುವಿನಿಂದ ತೆಗೆದು ಕೊಟ್ಟರು, ಅಪ್ಪ ಭುಜಕ್ಕಿಟ್ಟು ನೋಡಿದರು, ಮುಗೀತು. ನನ್ನ ನಾದಿನಿಯನ್ನು ಶಿಡ್ಲಘಟ್ಟಕ್ಕೆ ಕೊಟ್ಟಿದ್ದೇವೆ, ಅವರ ಮನೆಯವರು ರೀಲರು. ಗೂಡಿನ ಮಾರುಕಟ್ಟೆಯಲ್ಲಿ ಒಂದು ಲಾಟಿಗೆ ಬೆಲೆ ಕೂಗುವ ಮುಂಚೆ ಹಿಡಿ ಗೂಡು ಎತ್ತಿ, ಹಿಸುಕಿ, ಕಿವಿ ಹತ್ತಿರ ಅಲ್ಲಾಡಿಸಿ ನೋಡುವ ಜನ ಅವರು. ‘ಒಂದು ದಿನದ ಗೂಡಿಗೇ ಇಷ್ಟು ನೋಡ್ತೀವಿ, ನಿಮ್ಮ ಮಾವ ಆಯುಷ್ಯಪೂರ್ತಿ ಇಟ್ಕೊಳ್ಳೋ ಸಾಮಾನನ್ನ ಹಾಗೇ ತಂದ್ರಾ?’ ಅಂತ ನಾದಿನಿಯ ಗಂಡ ಆಮೇಲೆ ನಮ್ಮ ಮನೆಯವರನ್ನು ಕೇಳಿದಾಗ ನಮ್ಮಲ್ಲಿ ಉತ್ತರ ಇರಲಿಲ್ಲ.

ತಂದು ಎರಡು ತಿಂಗಳಾಗಿರಲಿಲ್ಲ, ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ಘೋಷಣೆಯಾಯಿತು. ಬಂದೂಕು ಠಾಣೆಗೆ ಜಮಾ. ಹಳ್ಳಿಯ ಪರವಾನಗಿದಾರರಿಗೆಲ್ಲ ಇದು ಗೊತ್ತಿರುವ ಕಷ್ಟ. ನಮ್ಮ ಕ್ಷೇತ್ರದಲ್ಲಿ ಮತದಾನ ಏಪ್ರಿಲ್ 26ಕ್ಕೇ ಮುಗಿದರೂ ಫಲಿತಾಂಶ ಜೂನ್ 4ಕ್ಕೆ. ಬಂದೂಕು ಕೈಗೆ ಬರುವಾಗ ಜೂನ್ ಮಧ್ಯ. ಹೊರಗಡೆ ಒಂದೆರಡು ಕಡೆ ತುಕ್ಕಿನ ಚುಕ್ಕೆ. ಅಪ್ಪ ಎಣ್ಣೆ ಬಟ್ಟೆಯಲ್ಲಿ ಒರೆಸಿ ಬೀರುವಿಗಿಟ್ಟರು.

ಸೆಪ್ಟೆಂಬರ್ ಕೊನೆಗೆ ಹಂದಿ ಇಳಿಯೋಕೆ ಶುರು. ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ನಾಳೆ ಯಾರಾದರೂ ಪತ್ರ ಬರೆದು ಕೇಳುವ ಮುಂಚೆ. ಅಪ್ಪ ಹಂದಿ ಹೊಡೆಯೋದಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕಾಡುಹಂದಿ ಬೆಳೆ ತಿಂದರೂ ಅದನ್ನು ಕೊಲ್ಲೋಕೆ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯಿಂದ ಲಿಖಿತ ಅನುಮತಿ ಬೇಕು. ಬಂದೂಕಿನ ಲೈಸೆನ್ಸ್ ಅಂದರೆ ಬೇಟೆಯ ಲೈಸೆನ್ಸ್ ಅಲ್ಲ. ಅಪ್ಪ ಹಾರಿಸೋದು ಸದ್ದಿಗೆ. ಅದೂ ಆಕಾಶಕ್ಕಲ್ಲ, ಕುಂಟೆಯ ಏರಿಯ ಮಣ್ಣಿಗೆ. ಮೇಲಕ್ಕೆ ಹೋದದ್ದು ಎಲ್ಲಾದರೂ ಕೆಳಗೆ ಬೀಳಲೇಬೇಕಲ್ಲ.

ಮೊದಲನೇ ರಾತ್ರಿಯೇ ಬಲಗಡೆ ನಳಿಗೆ ‘ಟಕ್’ ಅಂದು ಸುಮ್ಮನಾಯಿತು. ಎಡಗಡೆಯದು ಹಾರಿತು. ಮಾರನೇ ದಿನ ಎರಡೂ ಹಾರಿದವು. ಮೂರನೇ ಸಲ ಮತ್ತೆ ಬಲಗಡೆ ಟಕ್. ಹೀಗೇ ಹದಿನೈದು ದಿನ. ಪೂರ್ತಿ ಕೆಟ್ಟಿದ್ದರೆ ಅಪ್ಪ ಅಂಗಡಿಗೆ ಹೋಗುತ್ತಿದ್ದರೋ ಏನೋ. ಒಂದು ದಿನ ಸರಿ, ಒಂದು ದಿನ ಇಲ್ಲ ಅನ್ನೋದಕ್ಕೆ ಮನುಷ್ಯ ಹೊಂದಿಕೊಂಡುಬಿಡುತ್ತಾನೆ. ಹಂದಿಗಳೂ ಹೊಂದಿಕೊಂಡವು ಅಂತ ತಮ್ಮನ ದೂರು. ‘ಟಕ್ ಅಂದರೆ ತಲೆ ಎತ್ತಿ ನೋಡ್ತವೆ ಅಕ್ಕಾ, ಮತ್ತೆ ತಿನ್ನೋಕೆ ಶುರು.’

ಫೋನು ಬಂದ ಆ ರಾತ್ರಿ ಆದದ್ದು ಇಷ್ಟು. ಬಲಗಡೆ ಟಕ್ ಅಂತು. ಅಪ್ಪ ಎಡಗಡೆಯದನ್ನು ಏರಿಯ ಮಣ್ಣಿಗೆ ಹಾರಿಸಿದರು. ಹಂದಿ ಚದುರಿ ಮತ್ತೆ ಗುಂಪಾದವು. ಅಪ್ಪ ಸ್ವಲ್ಪ ತಡೆದು ಬಂದೂಕು ಮುರಿದು, ಹಾರದ ಕಾಡತೂಸನ್ನು ತೆಗೆದಿಟ್ಟು, ಹೊಸದಾಗಿ ಎರಡು ತುಂಬಿದರು. ತಮ್ಮ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದ. ಬಂದೂಕು ಮುಚ್ಚಿದ್ದೇ ತಡ, ಟ್ರಿಗರ್ ಮುಟ್ಟದೇ ಎಡಗಡೆ ನಳಿಗೆ ಢಂ ಅಂತು. ತಮ್ಮನ ಕಾಲಿಂದ ಒಂದು ಮೊಳ ಆಚೆ ನೆಲದಲ್ಲಿ ಬೋಗುಣಿಯಷ್ಟು ಗುಂಡಿ. ಮಣ್ಣು, ಕಲ್ಲು ಸಿಡಿದು ಅವನ ಮೊಣಕಾಲಿನ ಕೆಳಗೆಲ್ಲ ತರಚಿತ್ತು, ಅಷ್ಟೇ.

ಕಾಲು ಉಳಿದದ್ದು ತರಬೇತಿಯಿಂದ. ‘ಮುಚ್ಚುವಾಗ ನಳಿಗೆಯನ್ನ ಮೇಲಕ್ಕೆ ಎತ್ತಬೇಡಿ, ನಳಿಗೆ ನೆಲ ನೋಡ್ತಿರಲಿ, ಹಿಡಿಯನ್ನ ಎತ್ತಿ ಮುಚ್ಚಿ’ ಅಂತ ಅಲ್ಲಿ ಹೇಳಿಕೊಟ್ಟಿದ್ದರು. ಸಿನಿಮಾದಲ್ಲಿ ತೋರಿಸುವ ಹಾಗೆ ನಳಿಗೆಯನ್ನು ಎಗರಿಸಿ ಮುಚ್ಚಿದ್ದರೆ ಆ ಚರೆ ತಮ್ಮನ ಸೊಂಟದ ಎತ್ತರಕ್ಕೆ ಹೋಗುತ್ತಿತ್ತು. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ‘ಸೇಫ್ಟಿ ಹಾಕಿತ್ತು ಕಣಮ್ಮಾ, ಸೇಫ್ಟಿ ಹಾಕಿತ್ತು’ ಅಂತ ಅದನ್ನೇ ಹೇಳೋರು.

ಸೇಫ್ಟಿ ಹಾಕಿದ್ದೂ ನಿಜ, ಅದು ತಡೆಯದೇ ಹೋದದ್ದೂ ನಿಜ. ಯಾಕೆ ಅಂತ ಗೊತ್ತಾಗಿದ್ದು ಆಮೇಲೆ.

ಊರಿನ ಕುಲುಮೆಯವರು ‘ತನ್ನಿ, ಅರ ಹಾಕಿ ಸರಿ ಮಾಡ್ತೀನಿ’ ಅಂದರು. ಪಾಪ, ಒಳ್ಳೇ ಮನಸ್ಸಿಂದಲೇ. ಆದರೆ ಬಂದೂಕು ರಿಪೇರಿಗೂ ಲೈಸೆನ್ಸ್ ಬೇಕು, ಇಲ್ಲದವರು ಕೈ ಹಾಕಿದರೆ ಅವರಿಗೂ ಕೇಸು, ಕೊಟ್ಟವರಿಗೂ ತಲೆನೋವು. ಅಂಗಡಿಗೇ ಹೋಗಬೇಕು. ಅಪ್ಪನಿಗೆ ಮಂಡಿನೋವು ಕೆರಳಿತ್ತು, ತಮ್ಮ ‘ನಾನದನ್ನ ಮುಟ್ಟಲ್ಲ’ ಅಂದ. ಕೊನೆಗೆ ನಾನೇ ಹೊರಟೆ. ಪರವಾನಗಿದಾರರ ಲಿಖಿತ ಒಪ್ಪಿಗೆ ಇದ್ದರೆ ರಿಪೇರಿಗಾಗಿ ಬೇರೆಯವರು ಒಯ್ಯಬಹುದು ಅಂತ ಕಾಯ್ದೆಯಲ್ಲೇ ಇದೆ. ಅಪ್ಪನ ಕೈಯಲ್ಲಿ ಪತ್ರ ಬರೆಸಿ, ಲೈಸೆನ್ಸ್ ಪುಸ್ತಕ, ಬಿಲ್ಲು ಎಲ್ಲ ಜೊತೆಗಿಟ್ಟುಕೊಂಡು, ನಳಿಗೆ ಒಂದು ಕಡೆ, ಹಿಡಿ ಒಂದು ಕಡೆ ಬಿಚ್ಚಿ ಚೀಲಕ್ಕೆ ಹಾಕಿ, ಕಾರಿನ ಡಿಕ್ಕಿಯಲ್ಲಿಟ್ಟು ಹೋದೆ. ದೇವನಹಳ್ಳಿ ದಾಟುವವರೆಗೂ ಅಂಗೈ ಬೆವರುತ್ತಿತ್ತು. ಯಾರೂ ತಡೆಯಲಿಲ್ಲ. ಟೀಚರಮ್ಮನ ಡಿಕ್ಕಿಯಲ್ಲಿ ಉತ್ತರ ಪತ್ರಿಕೆ ಇರುತ್ತದೆ ಅಂತಲೇ ಎಲ್ಲರೂ ಅಂದುಕೊಂಡಿರಬೇಕು.

ಅಂಗಡಿಯವರು ಮೊದಲು ಕಾಡತೂಸಿನ ಮೇಲೆ ಹಾಕಿದರು. ಆಮೇಲೆ ಠಾಣೆಯಲ್ಲಿ ತುಕ್ಕು ಹಿಡಿದಿದೆ ಅಂದರು. ಕೊನೆಗೆ ‘ನಿಮ್ಮ ತಂದೆಗೆ ವಯಸ್ಸಾಯ್ತು, ಕೈ ಟ್ರಿಗರ್‌ಗೆ ತಗುಲಿರುತ್ತೆ’ ಅಂದರು. ಆ ಮೂರನೆಯದಕ್ಕೆ ನನಗೆ ಸಿಟ್ಟು ಬಂತು. ಆದರೆ ಎದುರು ಹೇಳೋಕೆ ನನ್ನ ಹತ್ತಿರ ಏನಿತ್ತು? ಬಂದೂಕಿನ ಬಗ್ಗೆ ನನಗೆ ಗೊತ್ತಿದ್ದದ್ದು ಆ ಹನ್ನೆರಡರ ಲೆಕ್ಕ ಒಂದೇ. ವಾಪಸ್ ತಂದೆ.

ನೆರವಿಗೆ ಬಂದವರು ಚಿಂತಾಮಣಿಯ ನಮ್ಮ ಸೋದರಮಾವ. ಮಾವಿನ ತೋಟ ಇರುವವರು, ಅವರ ಹತ್ತಿರವೂ ಬಂದೂಕಿದೆ. ಪೊಲೀಸ್ ಇಲಾಖೆಯಲ್ಲಿ ಆಯುಧ ರಿಪೇರಿ ಮಾಡಿ ನಿವೃತ್ತರಾಗಿ, ಈಗ ಲೈಸೆನ್ಸ್ ಇರುವ ರಿಪೇರಿ ಅಂಗಡಿಯಲ್ಲಿ ಕೂರುವ ಒಬ್ಬ ಹಿರಿಯರ ಪರಿಚಯ ಅವರಿಗಿತ್ತು. ಆ ಹಿರಿಯರು ಬಂದೂಕು ಬಿಚ್ಚುವ ಮುಂಚೆ ಕೇಳಿದ್ದು ಒಂದೇ ಪ್ರಶ್ನೆ: ‘ಹಾರದೇ ಉಳಿದ ಕಾಡತೂಸು ಬಿಸಾಕಿದ್ರಾ, ಇಟ್ಕೊಂಡಿದ್ದೀರಾ?’

ಅಪ್ಪ ಯಾವುದನ್ನೂ ಬಿಸಾಕುವವರಲ್ಲ. ಏಳು ಕಾಡತೂಸು ಒಂದು ಹಾರ್ಲಿಕ್ಸ್ ಡಬ್ಬದಲ್ಲಿದ್ದವು.

ಅವರು ಅವನ್ನು ಸಾಲಾಗಿ ಇಟ್ಟು ಹಿಂಭಾಗ ತೋರಿಸಿದರು. ಕಾಡತೂಸಿನ ತಳದ ನಡುವೆ ಕೇಪು ಇರುತ್ತದಲ್ಲ, ಪಿನ್ನು ಬಡಿಯುವ ಜಾಗ. ಪಕ್ಕದಲ್ಲಿ ಹಾರಿದ ಖಾಲಿ ಕೊಳವೆ ಒಂದನ್ನಿಟ್ಟರು. ಹಾರಿದ್ದರಲ್ಲಿ ಹೆಸರುಕಾಳು ಕೂರುವಷ್ಟು ಆಳದ ಗುಳಿ. ಹಾರದ ಏಳರಲ್ಲೂ ಉಗುರಲ್ಲಿ ಒತ್ತಿದಷ್ಟೇ ಗುರುತು. ‘ಗುಳಿ ಆಳ ಇದ್ದೂ ಹಾರಲಿಲ್ಲ ಅಂದ್ರೆ ಕಾಡತೂಸನ್ನ ಅನುಮಾನಿಸಬೇಕು. ಗುಳೀನೇ ಬಿದ್ದಿಲ್ಲ ಅಂದ್ರೆ ಅದರದ್ದೇನು ತಪ್ಪು?’ ಅಂದರು. ಹದಿನೈದು ದಿನದಿಂದ ನಾವು ಹುಡುಕುತ್ತಿದ್ದ ಸಾಕ್ಷಿ ಹಾರ್ಲಿಕ್ಸ್ ಡಬ್ಬದಲ್ಲೇ ಇತ್ತು.

ಬಿಚ್ಚಿದಾಗ ಬಲಗಡೆ ಪಿನ್ನು ಓಡಾಡುವ ಸಂದಿಯಲ್ಲಿ ಕಾರ್ಖಾನೆಯಲ್ಲಿ ಹಾಕಿದ ಗ್ರೀಸು ಅಂಟು ಬೆಲ್ಲದ ಹಾಗೆ ಗಟ್ಟಿಯಾಗಿತ್ತು. ಹೊಸ ಬಂದೂಕಿಗೆ ತುಕ್ಕು ಹಿಡಿಯಬಾರದು ಅಂತ ಹಾಕುವ ಗ್ರೀಸದು, ಬಳಸುವ ಮುಂಚೆ ತೆಗೆಸಬೇಕು. ಚಳಿ ರಾತ್ರಿಯಲ್ಲಿ ಇನ್ನೂ ಗಟ್ಟಿಯಾಗುತ್ತದೆ, ಹಗಲಲ್ಲಿ ನೋಡಿದರೆ ಸರಿ ಇದ್ದ ಹಾಗೆ ಕಾಣುತ್ತದೆ. ಅದರಲ್ಲಿ ನಮ್ಮ ಪಾಲೂ ಇದೆ ಅಂತ ಒಪ್ಪಬೇಕು. ಅಪ್ಪ ಒರೆಸಿದ್ದು ಹೊರಗಡೆ ಮಾತ್ರ. ಆದರೆ ಗ್ರೀಸ್ ತೆಗೆದ ಮೇಲೂ ಗುಳಿ ಪೂರ್ತಿ ಬೀಳಲಿಲ್ಲ. ಸ್ಪ್ರಿಂಗೇ ಸಡಿಲ.

ನಿಜವಾದ ಭಯ ಎಡಗಡೆಯದು. ಈ ಬಂದೂಕಿನಲ್ಲಿ ಕುದುರೆ ಹೊರಗೆ ಕಾಣುವುದಿಲ್ಲ, ಒಳಗಿರುತ್ತದೆ. ಬಂದೂಕು ಮುರಿದಾಗ ಅದು ಹಿಂದಕ್ಕೆ ಹೋಗಿ ಒಂದು ಸಣ್ಣ ಕೊಕ್ಕೆಗೆ ಸಿಕ್ಕಿ ನಿಲ್ಲುತ್ತದೆ. ಟ್ರಿಗರ್ ಒತ್ತಿದರೆ ಕೊಕ್ಕೆ ಬಿಟ್ಟು ಕುದುರೆ ಬಡಿಯುತ್ತದೆ. ನಮ್ಮದರಲ್ಲಿ ಆ ಕೊಕ್ಕೆ ಕೂರುವ ಕಚ್ಚು ಸರಿಯಾಗಿ ಕಡಿದಿರಲಿಲ್ಲ. ತುದಿಯಲ್ಲಿ ಕೂದಲೆಳೆಯಷ್ಟು ಹಿಡಿದುಕೊಂಡಿತ್ತು. ಬಾಗಿಲ ಚಿಲಕ ಅರ್ಧಕ್ಕೇ ನಿಂತ ಹಾಗೆ. ಮುಚ್ಚಿದ ಜೋರಿಗೆ ಜಾರಿತು. ಇನ್ನು ಸೇಫ್ಟಿ? ಇಂಥ ಬಹಳಷ್ಟು ಜೋಡು ನಳಿಗೆಗಳಲ್ಲಿ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ, ಕುದುರೆಯನ್ನಲ್ಲ. ಅಪ್ಪನಿಗೆ ಇದನ್ನು ಹೇಳಿದಾಗ ಅವರು ಮಾತಾಡಲಿಲ್ಲ. ಆದರೆ ಆ ರಾತ್ರಿ ಊಟ ಮಾಡಿದರು ಅಂತ ಅಮ್ಮ ಹೇಳಿದಳು.

‘ನಳಿಗೆ ಮೇಲೆ ಪರೀಕ್ಷೆಯ ಮುದ್ರೆ ಇತ್ತಲ್ಲ?’ ಅಂತ ನಾನು ಕೇಳಿದೆ. ಮುದ್ರೆ ಇರಲೇಬೇಕು, ಇಲ್ಲದ್ದನ್ನು ಮುಟ್ಟಬಾರದು. ಆದರೆ ಅದು ಹೇಳುವುದು ಇಷ್ಟೇ: ಮಾಮೂಲಿಗಿಂತ ಹೆಚ್ಚು ಒತ್ತಡದ ಕಾಡತೂಸು ಹಾರಿಸಿ ನೋಡಿದ್ದಾರೆ, ನಳಿಗೆ ಸಿಡಿಯಲಿಲ್ಲ. ಸ್ಪ್ರಿಂಗು, ಕೊಕ್ಕೆಗಳ ಬಗ್ಗೆ ಅದು ಏನೂ ಹೇಳೋದಿಲ್ಲ. ಅದನ್ನು ಕೊಳ್ಳುವವರೇ ನೋಡಬೇಕು. ಅಂಗಡಿಯಲ್ಲೇ, ಖಾಲಿ ಬಂದೂಕಿಗೆ ಡಮ್ಮಿ ಕಾಡತೂಸು ಹಾಕಿಸಿ, ಹತ್ತಿಪ್ಪತ್ತು ಸಲ ಮುರಿದು ಮುಚ್ಚಿಸಿ, ಕುದುರೆ ತಾನಾಗಿ ಬೀಳುತ್ತದಾ ಅಂತ ಕಿವಿಗೊಡಬೇಕಂತೆ. ಮುಚ್ಚಿದ ಮೇಲೆ ನಳಿಗೆ ಮತ್ತು ಹಿಡಿಯ ನಡುವೆ ಅಲ್ಲಾಟ ಇರಬಾರದು. ನಳಿಗೆಯ ಮೇಲೆ 70 ಮಿ.ಮೀ. ಅಂತಿದೆಯೋ 65 ಅಂತಿದೆಯೋ ಓದಿ ಕಾಡತೂಸು ತರಬೇಕು. ಉದ್ದದ್ದು ಗಿಡ್ಡ ಕೋಣೆಯಲ್ಲಿ ಕೂತುಬಿಡುತ್ತದೆ, ಹಾರಿಸಿದಾಗ ಒತ್ತಡ ಏರುತ್ತದೆ. ಅಜ್ಜ ಅಪ್ಪಂದಿರ ಹಳೇ ಬಂದೂಕು ಇರುವವರು ಇದನ್ನು ಇವತ್ತೇ ನೋಡಿಕೊಳ್ಳಿ. ಟಕ್ ಅಂದರೆ? ಬಾಯಿ ಮಣ್ಣಿನ ಕಡೆ ಹಿಡಿದೇ ಕನಿಷ್ಠ ಅರ್ಧ ನಿಮಿಷ ಕಾಯಬೇಕು, ಕಾಡತೂಸು ತಡವಾಗಿ ಹತ್ತಿಕೊಂಡರೂ ಹತ್ತಿಕೊಳ್ಳಬಹುದು. ಇದನ್ನು ಅವರು ಹೇಳುವಾಗ ನನಗೆ ತಾತನ ಬೀಡಿ ನೆನಪಾಯಿತು. ಅಜ್ಜಿ ಬೈದದ್ದು ಅನ್ಯಾಯ.

ಅವರು ಕಂಡದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ, ‘ನಾನು ರಿಪೇರಿ ಮಾಡಲ್ಲ. ವಾರಂಟಿ ಇದೆ, ಮಾಡಬೇಕಾದವರು ಮಾಡ್ಲಿ’ ಅಂದರು. ಆಗ ಡಿಸೆಂಬರ್ ಮೊದಲ ವಾರ. ವಾರಂಟಿ ಮುಗಿಯೋಕೆ ಐದು ವಾರ.

ಅಂಗಡಿಯವರು ಫೋನಿನಲ್ಲಿ ‘ಬಂದೂಕಿಗೆಲ್ಲ ಗ್ರಾಹಕ ಕಾನೂನು ಬರಲ್ಲ ಮೇಡಂ’ ಅಂದರು. ಬರುತ್ತದೆ. ದುಡ್ಡು ಕೊಟ್ಟು ತಂದ ಮಿಕ್ಸಿಗೆ ಬರುವ ಹಾಗೇ ಇದಕ್ಕೂ ಬರುತ್ತದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ, ಎಲ್ಲಿ ಕೊಂಡಿರಲಿ, ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಅವಕಾಶ. ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ. ನಾನು ಮೊದಲು 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆ. ಆಮೇಲೆ ಆ ಹಾಳೆ, ಏಳು ಕಾಡತೂಸಿನ ಫೋಟೊ, ಬಿಲ್ಲು, ಬಂದೂಕಿನ ನಂಬರು ಎಲ್ಲ ಸೇರಿಸಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಪತ್ರ ಹಾಕಿದೆ. ಅಂಗಡಿಯವರು ಹತ್ತು ದಿನಕ್ಕೆ ‘ಕಳಿಸಿಕೊಡಿ’ ಅಂದರು. ಫೋಟೊಗಳೇ ಕೆಲಸ ಮಾಡಿದವು ಅಂತ ನನ್ನ ಅನಿಸಿಕೆ. ಹಳೇ ಬಂದೂಕಿನ ಬದಲು ಹೊಸದೇ ಕೊಡಿ ಅಂತ ಕೇಳಬೇಕಿತ್ತು ಅಂತ ನಮ್ಮ ಮನೆಯವರು ಈಗಲೂ ಅನ್ನುತ್ತಾರೆ. ಕೇಳಬಹುದಿತ್ತು. ಆದರೆ ಬಂದೂಕು ಬದಲಾದರೆ ಲೈಸೆನ್ಸಿನಲ್ಲಿ ನಂಬರು ಬದಲಾಗಬೇಕು, ಮತ್ತೆ ಅರ್ಜಿ, ಮತ್ತೆ ಕಚೇರಿ. ಅಪ್ಪ ‘ಸಾಕಮ್ಮಾ’ ಅಂದರು, ನಾನೂ ಸಾಕು ಅಂದೆ.

ಆ ವರ್ಷದ ಕಡಲೆಕಾಯಿಯಲ್ಲಿ ಎಕರೆಗೂ ಮಿಕ್ಕಿ ಹಂದಿ ಪಾಲಾಯಿತು. ಬಂದೂಕು ಇಲ್ಲದ ಅಷ್ಟು ದಿನ ತಮ್ಮ ತಗಡಿನ ಡಬ್ಬ ಬಡಿದ, ಹಳೇ ಸೀರೆ ಕಟ್ಟಿದ, ಪಟಾಕಿ ಹಚ್ಚಿದ. ಮೊದಲ ವಾರ ಎಲ್ಲಕ್ಕೂ ಹೆದರುತ್ತಿದ್ದವು.

ಬಂದೂಕು ವಾಪಸ್ ಬಂದದ್ದು 2025ರ ಮಾರ್ಚಿನಲ್ಲಿ, ಎರಡೂ ಕಡೆ ಸ್ಪ್ರಿಂಗು, ಪಿನ್ನು, ಕೊಕ್ಕೆ ಹೊಸದಾಗಿ. ಚಿಂತಾಮಣಿ ಮಾವನನ್ನು ಜೊತೆಗೆ ಕರೆದುಕೊಂಡು ಹೋಗಿ, ಅಂಗಡಿಯಲ್ಲೇ ಡಮ್ಮಿ ಹಾಕಿಸಿ, ನಲವತ್ತು ಸಲ ಮುರಿದು ಮುಚ್ಚಿಸಿ ನೋಡಿದೆವು. ಅಂಗಡಿ ಹುಡುಗ ಎಣಿಸುತ್ತಾ ಎಣಿಸುತ್ತಾ ನಕ್ಕ. ನಾವು ನಗಲಿಲ್ಲ.

ಈಗ ಮತ್ತೆ ಕಡಲೆಕಾಯಿ ಬಲಿತಿದೆ. ಅಪ್ಪ ಹೊಲಕ್ಕೆ ಹೋಗುವಾಗ ತಮ್ಮ ಪಂಪ್‌ಹೌಸಿನ ಗೋಡೆ ಹಿಂದೆ ನಿಲ್ಲಬೇಕು ಅಂತ ಅಮ್ಮನ ಕಟ್ಟಪ್ಪಣೆ, ಟಾರ್ಚು ಅಪ್ಪನ ಹಣೆಗೇ ಕಟ್ಟಿರುತ್ತದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಪ್ಪ ಹಾರಿದ ಒಂದೊಂದಕ್ಕೂ ಗೆರೆ ಹಾಕುತ್ತಾರೆ, ಟಕ್ ಅಂದರೆ ಸೊನ್ನೆ. ಮೊನ್ನೆ ಭಾನುವಾರ ಹೋದಾಗ ಎಣಿಸಿದೆ. ಹದಿನಾಲ್ಕು ಗೆರೆ, ಸೊನ್ನೆ ಇಲ್ಲ. ಎಲ್ಲ ಬಲಗಡೆಯದೇ. ಎಡಗಡೆ ನಳಿಗೆಗೆ ಅಪ್ಪ ಇನ್ನೂ ಕಾಡತೂಸು ಹಾಕಿಲ್ಲ.